ಹೊಡೆಯುವ ಮಗುವಿಗೂ ತರಗತಿಯಲ್ಲಿ ಜಾಗವಿದೆ

ಚೆನ್ನೈನ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುವ ಯುವತಿಗೂ, ಅದೇ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಿ ನಿವೃತ್ತರಾದ ಅವಳ ದೊಡ್ಡಮ್ಮನಿಗೂ ಮೈಲಾಪುರದ ಮನೆಯಲ್ಲಿ ನಡೆದ ಮಾತುಕತೆ ಇದು.

ಟೀಚರ್: ದೊಡ್ಡಮ್ಮ, ನನ್ನ ಕ್ಲಾಸಿನ ಒಬ್ಬ ಹುಡುಗನ ವಿಷಯ ನಿಮ್ಮ ಹತ್ತಿರ ಮಾತಾಡಬೇಕು. ಆರು ವರ್ಷದವನು. ದಿನಾ ಯಾರಿಗಾದರೂ ಹೊಡೀತಾನೆ, ತಳ್ಳುತಾನೆ. "ಮಿಸ್, ಅಡಿಚ್ಚಿಟ್ಟಾನ್ ಮಿಸ್", ಹೊಡೆದುಬಿಟ್ಟ ಅಂತ ಮಕ್ಕಳು ಓಡಿ ಬರೋದು ನಿಂತೇ ಇಲ್ಲ. ಶುಕ್ರವಾರ ಒಂದು ಹುಡುಗಿಯ ಮುಂಗೈ ಕಚ್ಚಿದ. ಅವರಮ್ಮ ಹಲ್ಲಿನ ಗುರುತಿನ ಫೋಟೋ ತೆಗೆದು ಪೋಷಕರ ವಾಟ್ಸ್‌ಆಪ್ ಗುಂಪಿಗೆ ಹಾಕಿದರು. ರಾತ್ರಿಯೊಳಗೆ ಎಲ್ಲರದೂ ಒಂದೇ ಮಾತು: ಅವನಿಗೆ ಟಿ.ಸಿ. ಕೊಟ್ಟು ಕಳಿಸಿ.

ದೊಡ್ಡಮ್ಮ: ನಿನಗೇನು ಅನ್ನಿಸ್ತು?

ಟೀಚರ್: ಅವರ ಮಾತಲ್ಲಿ ನ್ಯಾಯ ಇದೆ ಅನ್ನಿಸುತ್ತೆ. ಒಬ್ಬನಿಗಾಗಿ ಉಳಿದ ಇಪ್ಪತ್ತೊಂಬತ್ತು ಮಕ್ಕಳು ಹೆದರಿಕೊಂಡು ಕೂತಿರಬೇಕಾ? ಕಚ್ಚಿಸಿಕೊಂಡ ಹುಡುಗಿ ಸ್ಕೂಲಿಗೇ ಬರಲ್ಲ ಅಂತ ಅಳ್ತಿದಾಳಂತೆ.

ದೊಡ್ಡಮ್ಮ: ಆ ಮಗುವಿನ ಭಯ ನಿಜ. ಅದನ್ನ ಸಣ್ಣದು ಮಾಡಬಾರದು. ಹೊಡೆಯೋ ಮಗುವಿನ ಬಗ್ಗೆ ಕನಿಕರ ತೋರಿಸುವ ಭರದಲ್ಲಿ ಹೊಡೆಸಿಕೊಂಡ ಮಗುವನ್ನ ಮರೆಯೋ ಟೀಚರುಗಳನ್ನ ನಾನು ನೋಡಿದೀನಿ. ಅದು ಅನ್ಯಾಯ. ಆದರೆ ಟಿ.ಸಿ. ಮಾತು ಬೇರೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕಿನ ಕಾಯ್ದೆ ಇದೆಯಲ್ಲ, 2009ರದ್ದು, ಅದರ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ. ಅದರ ಮುಂದಿನ ಕಲಮೇ 17: ಹೊಡೆಯೋ ಹಾಗಿಲ್ಲ, ಮನಸ್ಸು ನೋಯಿಸೋ ಹಾಗೂ ಇಲ್ಲ. ತಮಿಳುನಾಡು ಅದಕ್ಕೂ ಮೊದಲೇ, 2003ರಲ್ಲಿ, ತನ್ನ ಶಿಕ್ಷಣ ನಿಯಮ ತಿದ್ದಿ ಶಾಲೆಯಲ್ಲಿ ಹೊಡೆತ ನಿಲ್ಲಿಸಿತು. ಎರಡು ಕಲಮೂ ಒಟ್ಟಿಗೆ ಓದಿದರೆ ನಿನಗೆ ಉಳಿಯೋ ದಾರಿ ಒಂದೇ. ಅವನನ್ನ ಇಟ್ಟುಕೊಂಡೇ, ಹೊಡೆಯದೇ, ಹೊಡೆತ ನಿಲ್ಲಿಸಬೇಕು.

ಟೀಚರ್: ಕಾಯ್ದೆ ಬರೆಯೋದು ಸುಲಭ ದೊಡ್ಡಮ್ಮ. ಆ ಹುಡುಗನ ಅಪ್ಪನೇ ಬಂದು "ನಾಲ್ಕು ಬಿಡಿ ಮಿಸ್, ಸರಿ ಹೋಗ್ತಾನೆ" ಅಂತ ಹೇಳಿ ಹೋದರು. ನಮ್ಮ ಆಯಾಮ್ಮ ಕೂಡ ಅದನ್ನೇ ಹೇಳ್ತಾರೆ: "ಅಡಿ ಉದವುರ ಮಾದಿರಿ ಅಣ್ಣನ್ ತಂಬಿ ಉದವ ಮಾಟ್ಟಾನ್." ಏಟಿನಷ್ಟು ಉಪಕಾರ ಒಡಹುಟ್ಟಿದವರೂ ಮಾಡಲ್ವಂತೆ.

ದೊಡ್ಡಮ್ಮ: ನಮ್ಮಲ್ಲೂ "ದಂಡಂ ದಶಗುಣಂ" ಅಂತಾರಲ್ಲ. ಏಟು ಕೊಟ್ಟ ಕ್ಷಣ ಮಗು ಸುಮ್ಮನಾಗುತ್ತೆ, ಅದಕ್ಕೇ ಜನ ನಂಬೋದು. ಆದರೆ ಅವನಿಗೆ ಬಂದಿರೋ ತೊಂದರೆ ಏನು? ಕೋಪ ಬಂದಾಗ ಕೈ ಎತ್ತೋದು. ಅವನಿಗಿಂತ ದೊಡ್ಡವರು ಕೋಪ ಬಂದಾಗ ಕೈ ಎತ್ತಿದರೆ ಅವನು ಏನು ಕಲೀತಾನೆ? ಬಲ ಇದ್ದವನು ಹೊಡೀಬಹುದು ಅಂತ. ಮನೇಲಿ ಅಪ್ಪ ಆ ಪಾಠ ಮಾಡ್ತಿದ್ದಾರೆ ಅಂತ ನೀನೇ ಹೇಳಿದೆ. ಶಾಲೆ ಬೇರೆ ಪಾಠ ಹೇಳದಿದ್ದರೆ ಅವನಿಗೆ ಇನ್ನೆಲ್ಲಿ ಸಿಗುತ್ತೆ?

ಟೀಚರ್: ಸರಿ. ನಾಳೆ ಅವನು ಇನ್ನೊಬ್ಬನ ಮೇಲೆ ಬೀಳ್ತಾನೆ ಅಂತಿಟ್ಟುಕೊಳ್ಳಿ. ಆ ಕ್ಷಣ ನಾನೇನು ಮಾಡಲಿ?

ದೊಡ್ಡಮ್ಮ: ದೂರದಿಂದ ಕೂಗಬೇಡ. ಹತ್ತಿರ ಹೋಗು, ಇಬ್ಬರ ನಡುವೆ ನಿಂತುಕೋ, ಅವನ ಎತ್ತರಕ್ಕೆ ಕೂತುಕೋ. ಏಟು ಬೀಳೋ ಕೈಗೆ ನಿನ್ನ ಅಂಗೈ ಅಡ್ಡ ಕೊಡು. "ಹೊಡೆಯೋಕೆ ಬಿಡಲ್ಲ" ಅಂತ ಮೆಲ್ಲಗೆ, ಗಟ್ಟಿಯಾಗಿ ಹೇಳು. ಅಷ್ಟೇ ಮಾತು. ಆಗ ಉಪದೇಶ ಶುರು ಮಾಡಿದರೆ ಅವನ ಕಿವಿಗೆ ಹೋಗಲ್ಲ, ಅವನ ಮೈಯೆಲ್ಲಾ ಉರೀತಿರುತ್ತೆ. ಒಂದು ಎಚ್ಚರಿಕೆ: ಮುಂಗೈ ಹಿಡಿದು ಜಗ್ಗಬೇಡ. ಚಿಕ್ಕ ಮಕ್ಕಳ ಮೊಳಕೈ ಕೀಲು ಒಂದು ಜಗ್ಗಿಗೇ ಜಾರಿಬಿಡುತ್ತೆ. ರೂಮಲ್ಲಿ ಕೂಡಿ ಹಾಕೋದು, ಹೊರಗೆ ಬಿಸಿಲಲ್ಲಿ ನಿಲ್ಲಿಸೋದು ಯಾವತ್ತೂ ಬೇಡ.

ಟೀಚರ್: ಆಮೇಲೆ?

ದೊಡ್ಡಮ್ಮ: ಆಮೇಲೆ ಪೆಟ್ಟು ತಿಂದ ಮಗುವಿನ ಕಡೆ ತಿರುಗು. ಸಾಮಾನ್ಯವಾಗಿ ನಾವು ಉಲ್ಟಾ ಮಾಡ್ತೀವಿ, ಹೊಡೆದವನನ್ನ ಬೈಯೋದರಲ್ಲೇ ಹೊತ್ತು ಕಳೀತೀವಿ, ಅಳ್ತಿರೋ ಮಗು ಅಲ್ಲೇ ನಿಂತಿರುತ್ತೆ. ಅದನ್ನ ಹತ್ತಿರ ಕೂರಿಸಿಕೋ, ಗಾಯ ನೋಡು. ಕಚ್ಚಿದ್ದರೆ ನಲ್ಲಿ ನೀರಲ್ಲಿ ಸೋಪು ಹಾಕಿ ತೊಳಿ, ಚರ್ಮ ಒಡೆದಿದ್ದರೆ ಡಾಕ್ಟರಿಗೆ ತೋರಿಸೋಕೆ ಹೇಳು. ಇದರಿಂದ ಎರಡು ಕೆಲಸ ಆಗುತ್ತೆ. ನೊಂದ ಮಗುವಿಗೆ ಧೈರ್ಯ ಬರುತ್ತೆ. ಹೊಡೆದರೆ ಎಲ್ಲರ ಕಣ್ಣೂ ತನ್ನ ಮೇಲೇ ಅನ್ನೋ ಲಾಭ ಹೊಡೆದವನಿಗೆ ಸಿಗಲ್ಲ.

ಟೀಚರ್: ಸಾರಿ ಕೇಳಿಸಬೇಕಲ್ವಾ? ನಮ್ಮ ಸ್ಕೂಲಲ್ಲಿ ಅದು ನಿಯಮ.

ದೊಡ್ಡಮ್ಮ: ಬಲವಂತಕ್ಕೆ ಹೇಳಿದ ಸಾರಿ ಒಂದು ಮಂತ್ರ ಆಗುತ್ತೆ. ಹೊಡಿ, ಸಾರಿ ಅನ್ನು, ಮತ್ತೆ ಹೊಡಿ. ಅದರ ಬದಲು ಅವನು ಕೆಡಿಸಿದ್ದನ್ನ ಸರಿ ಮಾಡೋ ಕೆಲಸ ಕೊಡು. ಉಸಿರು ತಣ್ಣಗಾದ ಮೇಲೆ ಒದ್ದೆ ಬಟ್ಟೆ ತರಲಿ, ಬೀಳಿಸಿದ ಬ್ಲಾಕು ಜೋಡಿಸಿಕೊಡಲಿ, ಹರಿದ ಚಿತ್ರಕ್ಕೆ ಟೇಪು ಅಂಟಿಸಲಿ. ಪೆಟ್ಟು ತಿಂದ ಮಗು ಒಪ್ಪಿದರೆ ಮಾತ್ರ ಹತ್ತಿರ ಹೋಗಲಿ, ಬೇಡ ಅಂದರೆ ಬೇಡ. ಈಗ ಹೇಳು, ಅವನು ಯಾವಾಗ ಹೊಡೀತಾನೆ?

ಟೀಚರ್: ಯಾವಾಗ ಅಂತ ಇಲ್ಲ, ಸುಮ್ಮಸುಮ್ಮನೆ.

ದೊಡ್ಡಮ್ಮ: ಬರೆದಿಟ್ಟಿದೀಯಾ?

ಟೀಚರ್: ಹೌದು, ಹೆಡ್‌ಮಿಸ್ ಕೇಳಬಹುದು ಅಂತ ಡೈರಿಯಲ್ಲಿದೆ. ನೋಡಿ. ಸೋಮವಾರ 11:40, ನೀರಿನ ನಲ್ಲಿ ಹತ್ತಿರ ಸಾಲು, ಹಿಂದಿನವನನ್ನ ತಳ್ಳಿದ. ಮಂಗಳವಾರ 10:15, ತಮಿಳು ಬರವಣಿಗೆ, ಪಕ್ಕದವಳ ಪೆನ್ಸಿಲ್ ಕಿತ್ತುಕೊಂಡು ಚುಚ್ಚಿದ, ಹೊರಗೆ ಕಳಿಸಿದೆವು. ಬುಧವಾರ ಊಟದ ಮುಂಚೆ ಸಾಲಲ್ಲಿ ಒದ್ದ. ಗುರುವಾರ ತಮಿಳು ಬರವಣಿಗೆ, ಮತ್ತೆ ಹೊರಗೆ. ಶುಕ್ರವಾರ ಬ್ಲಾಕುಗಳ ಮೂಲೆ, ಕೆಂಪು ಲಾರಿ ಆ ಹುಡುಗಿಯ ಕೈಲಿತ್ತು, ಕಚ್ಚಿದ.

ದೊಡ್ಡಮ್ಮ: ಇದರಲ್ಲಿ ಸುಮ್ಮಸುಮ್ಮನೆ ಎಲ್ಲಿದೆ ಕಣೆ? ಎರಡು ಸಲ ಸಾಲು, ಎರಡು ಸಲ ತಮಿಳು ಬರವಣಿಗೆ, ಒಂದು ಸಲ ಬೇಕಾದ ಸಾಮಾನು. ಅವನ ಮನೆಮಾತು ಯಾವುದು?

ಟೀಚರ್: ಹಿಂದಿ. ಬಿಹಾರದ ಕಡೆಯವರು. ಈ ಜೂನಲ್ಲಿ ಬಂದು ಸೇರಿದ. ತಮಿಳು ಬರಲ್ಲ, ಇಂಗ್ಲಿಷ್ ಒಂದೆರಡು ಪದ.

ದೊಡ್ಡಮ್ಮ: ಹಾಗಾದರೆ ಅವನಿಗೆ ಬಾಯಿ ಇಲ್ಲ. ಈ ಊರಿನ ಕನ್ನಡ ಮನೆಗಳ ಮಕ್ಕಳೂ ತಮಿಳು ಬಾರದೇ ಶಾಲೆಗೆ ಬರ್ತಿದ್ದವು. ಮನೇಲಿ ಚುರುಕು ಮಾತಾಡ್ತಿದ್ದ ಮಗು ತರಗತಿಯಲ್ಲಿ ಮೂಗನ ಹಾಗೆ ಕೂರ್ತಿತ್ತು. ಕೆಲವು ಮಕ್ಕಳು ಅಳ್ತಿದ್ದವು, ಕೆಲವು ಕೈ ಓಡಿಸ್ತಿದ್ದವು. "ಅದು ನನಗೆ ಕೊಡು", "ನನ್ನ ಸರದಿ", "ಬೇಡ, ನಿಲ್ಲಿಸು" ಅನ್ನೋಕೆ ಮಾತಿಲ್ಲದ ಮಗು ಕಿತ್ತುಕೊಳ್ಳುತ್ತೆ, ತಳ್ಳುತ್ತೆ, ಕಚ್ಚುತ್ತೆ. ಮೊದಲು ಅವನಿಗೆ ನಾಲ್ಕು ತಮಿಳು ಮಾತು ಕಲಿಸು: "ಎನಕ್ಕು ತಾ", "ವೇಂಡಾಂ", "ಎನ್ ಟರ್ನ್", "ಮಿಸ್, ವಾಂಗ", ಅಂದರೆ ಮಿಸ್ ಬನ್ನಿ ಅಂತ. ಅವನು ಶಾಂತವಾಗಿದ್ದಾಗ ಆಟದ ಹಾಗೆ ಹೇಳಿಸು. ನೀನು ಲಾರಿ ಹಿಡಿದುಕೋ, ಅವನು ಕೇಳಲಿ, ಕೇಳಿದ ತಕ್ಷಣ ಕೊಟ್ಟುಬಿಡು. ಮಾತಿಗೆ ಕೈಗಿಂತ ಹೆಚ್ಚು ಫಲ ಇದೆ ಅನ್ನೋದು ಅವನ ಅನುಭವಕ್ಕೆ ಬರಬೇಕು.

ಟೀಚರ್: ಆದರೆ ತಮಿಳು ಬಾರದ ಇನ್ನೂ ಇಬ್ಬರಿದ್ದಾರೆ ದೊಡ್ಡಮ್ಮ. ಅವರು ಯಾರಿಗೂ ಹೊಡೆಯಲ್ಲ.

ದೊಡ್ಡಮ್ಮ: ಒಳ್ಳೆ ಪ್ರಶ್ನೆ. ಭಾಷೆ ಒಂದೇ ಕಾರಣ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ಅಂತ ಸಂಶೋಧಕರು, ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರು. ಮನುಷ್ಯ ಅತಿ ಹೆಚ್ಚು ಕೈ ಮಾಡೋದು ಹದಿಹರೆಯದಲ್ಲಿ ಅಂತ ಜನ ಅಂದುಕೊಂಡಿದ್ದರು. ಎರಡರಿಂದ ನಾಲ್ಕು ವರ್ಷದೊಳಗೆ ಅಂತ ಅವರು ತೋರಿಸಿದರು. ಆಮೇಲೆ ಹೆಚ್ಚಿನ ಮಕ್ಕಳಲ್ಲಿ ಅದು ಇಳೀತಾ ಬರುತ್ತೆ. ಯಾಕೆ? ಮಾತು ಬರುತ್ತೆ, ಕಾಯೋದು ಬರುತ್ತೆ, ದೊಡ್ಡವರು ತಡೆದು ತಡೆದು ಕಲಿಸಿರುತ್ತಾರೆ. ಆರು ವರ್ಷಕ್ಕೂ ಇಳಿಯದೇ ಉಳಿದ ಮಗು ಆ ಕಲಿಕೆ ಮುಗಿಸಿಲ್ಲ. ಓದು ಬಾರದ ಮಗುವಿಗೆ ನೀನು ಟಿ.ಸಿ. ಕೊಡಲ್ಲ, ಅಕ್ಷರ ಮತ್ತೆ ಹೇಳಿಕೊಡ್ತೀಯ. ಇದೂ ಹಾಗೇ ಹೇಳಿಕೊಡಬೇಕಾದ ಪಾಠ.

ಟೀಚರ್: ಮತ್ತೆ ಬರವಣಿಗೆ ಹೊತ್ತಲ್ಲಿ ಆಗೋದು? ಹೊರಗೆ ಕಳಿಸಿದ್ದು ಶಿಕ್ಷೆಯೇ ಅಲ್ವಾ?

ದೊಡ್ಡಮ್ಮ: ಅವನ ಕಣ್ಣಿಂದ ನೋಡು. ತಿಳಿಯದ ಲಿಪಿ, ಕೂತು ಬರೀಬೇಕು, ಪೆನ್ಸಿಲ್ ಚುಚ್ಚಿದರೆ ಆ ಕಷ್ಟದಿಂದ ಬಿಡುಗಡೆ. ಮಂಗಳವಾರ ಬಿಡುಗಡೆ ಸಿಕ್ಕಿತು, ಗುರುವಾರ ಮತ್ತೆ ಅದನ್ನೇ ಮಾಡಿದ. ಅವನಿಗೆ ಆ ಹೊತ್ತಲ್ಲಿ ಬೇರೆ ಅಳತೆಯ ಕೆಲಸ ಕೊಡು: ಎರಡೇ ಅಕ್ಷರ, ಮರಳಲ್ಲಿ ಬೆರಳಿಂದ. ಕಷ್ಟ ಆದರೆ ಕೈ ಎತ್ತಿ "ಮಿಸ್, ವಾಂಗ" ಅನ್ನಲಿ, ನೀನು ಹೋಗು. ಸಾಲಿನ ವಿಷಯ ಇನ್ನೂ ಸುಲಭ. ಮೂವತ್ತು ಮಕ್ಕಳನ್ನ ಒಂದೇ ನಲ್ಲಿಗೆ ಒಟ್ಟಿಗೆ ಯಾಕೆ ಕಳಿಸ್ತೀಯ? ಆರಾರು ಜನ ಹೋಗಲಿ. ಅವನು ಮೊದಲ ಗುಂಪಲ್ಲಿ, ಆಯಾಮ್ಮನ ಪಕ್ಕ, ಲೋಟಗಳ ಬುಟ್ಟಿ ಹಿಡಿದುಕೊಂಡು. ಕೈಲಿ ಬುಟ್ಟಿ ಇದ್ದಾಗ ತಳ್ಳೋಕೆ ಕೈ ಖಾಲಿ ಇರಲ್ಲ.

ಟೀಚರ್: ಇದು ಮಾಂಟೆಸೊರಿ ಮಾತಿನ ಹಾಗಿದೆ.

ದೊಡ್ಡಮ್ಮ: ಅವರಿಂದ ಬಂದದ್ದೇ. ಮರಿಯಾ ಮಾಂಟೆಸೊರಿ ನಮ್ಮೂರಿಗೆ ಬಂದದ್ದು 1939ರ ನವೆಂಬರಲ್ಲಿ, ಥಿಯಾಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಅವರ ಕರೆಗೆ. ಅಡ್ಯಾರಿನ ಸೊಸೈಟಿ ಆವರಣದಲ್ಲಿ ಸುಮಾರು 300 ಜನಕ್ಕೆ ತರಬೇತಿ ಕೊಟ್ಟರು. ಕೆಲವು ತಿಂಗಳು ಇದ್ದು ಹೋಗೋ ಅಂದಾಜಿತ್ತು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳೀತು, ಇಲ್ಲಿನ ಬ್ರಿಟಿಷ್ ಸರ್ಕಾರಕ್ಕೆ ಇವರು ಶತ್ರುದೇಶದವರಾದರು. ಮಗ ಮಾರಿಯೋ ಅವರನ್ನ ಸೆರೆಯಲ್ಲಿಟ್ಟರು, ತಾಯಿಯನ್ನ ಆವರಣ ಬಿಟ್ಟು ಹೋಗದ ಹಾಗೆ ಇರಿಸಿದರು. ತಾಯಿಗೆ ಎಪ್ಪತ್ತು ತುಂಬಿದ ದಿನ ಮಗನನ್ನ ಬಿಟ್ಟರು. ಅವರು ಯುರೋಪಿಗೆ ವಾಪಸಾದದ್ದು 1946ರಲ್ಲಿ. ಆ ಇಂಡಿಯಾದ ವರ್ಷಗಳ ಉಪನ್ಯಾಸದಿಂದ ಹುಟ್ಟಿದ 'ದಿ ಅಬ್ಸಾರ್ಬೆಂಟ್ ಮೈಂಡ್' 1949ರಲ್ಲಿ ಅಡ್ಯಾರಿನಲ್ಲೇ ಅಚ್ಚಾಯ್ತು. ಅದರಲ್ಲಿ ನಿನ್ನ ಹುಡುಗ ಇದಾನೆ.

ಟೀಚರ್: ಏನು ಹೇಳ್ತಾರೆ?

ದೊಡ್ಡಮ್ಮ: ಬೆಳವಣಿಗೆಗೆ ಅಡ್ಡಿ ಬಂದಾಗ ಕೆಲವು ಮಕ್ಕಳು ಕುಗ್ಗುತ್ತವೆ, ಅಳ್ತವೆ, ದೊಡ್ಡವರನ್ನ ಅಂಟಿಕೊಳ್ತವೆ. ಗಟ್ಟಿ ಮಕ್ಕಳು ಅಡ್ಡಿಯನ್ನ ಎದುರಿಸ್ತವೆ. ಸಿಟ್ಟು, ಹೊಡೆತ, ಸಾಮಾನು ಮುರಿಯೋದು, ಚಿಕ್ಕವರನ್ನ ಪೀಡಿಸೋದು ಇವೆಲ್ಲ ಆ ಕಡೆಯವು. ಎರಡಕ್ಕೂ ಅವರು ಕಂಡ ಮದ್ದು ಒಂದೇ: ಮಗುವಿನ ಮನಸ್ಸು ಕೈ ಎರಡೂ ಮುಳುಗೋ ಹಾಗಿರೋ ನಿಜವಾದ ಕೆಲಸ. ಮಾಂಟೆಸೊರಿ ಅಂದರೆ ಮಗುವನ್ನ ಅದರ ಪಾಡಿಗೆ ಬಿಡೋದು ಅಂತ ಜನ ತಿಳ್ಕೊಂಡಿದ್ದಾರೆ. ಕೆಲಸದಲ್ಲಿ ಮುಳುಗಿದ ಮಗುವನ್ನ ಮುಟ್ಟಬೇಡಿ ಅಂದವರು, ಇನ್ನೊಬ್ಬರನ್ನ ಪೀಡಿಸ್ತಿರೋ ಮಗುವನ್ನ ಮಾತ್ರ ಖಂಡಿತಾ ನಡುವೆ ಬಂದು ತಡೀರಿ ಅಂತ ಬರೆದಿದ್ದಾರೆ. ಹೇಗೆ ತಡೀಬೇಕು ಅಂತ ಕೂಡ ಹೇಳಿದ್ದಾರೆ: ಪ್ರೀತಿಯಿಂದ ಹೆಸರು ಹಿಡಿದು ಕರೆದು, ಬಾ ನಿನಗೊಂದು ಕೆಲಸ ಇದೆ ಅಂತ ಕರ್ಕೊಂಡು ಹೋಗಿ. ಅವನು ಬರದೇ ಇದ್ದರೆ ನೀವೇ ಅವನ ಜೊತೆ ಇರಿ.

ಟೀಚರ್: ಬೆಂಚು ಸಾಲಿನ ಕ್ಲಾಸಲ್ಲಿ ಅದೆಲ್ಲ ನಡೆಯುತ್ತಾ?

ದೊಡ್ಡಮ್ಮ: ಬೆಂಚು ಸಾಲಿದ್ದರೂ ಕೆಲಸ ಇರುತ್ತೆ. ಬೋರ್ಡು ಒರೆಸೋದು, ಗಿಡಕ್ಕೆ ನೀರು ಹೊತ್ತು ಹಾಕೋದು, ಚಾಪೆ ಸುತ್ತೋದು, ಒದ್ದೆ ಬಟ್ಟೆ ಹಿಂಡೋದು. ಮೈಗೆ ಶ್ರಮ ಕೊಡೋ ಕೆಲಸ ಇಂಥ ಮಕ್ಕಳನ್ನ ತಣ್ಣಗೆ ಮಾಡುತ್ತೆ. ಅಡ್ಯಾರಿಗಷ್ಟೇ ಮೀಸಲಾದ ವಿದ್ಯೆಯೂ ಅಲ್ಲ. 2003ರಿಂದ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಮಕ್ಕಳು ಚಾಪೆ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯೋ ಪದ್ಧತಿ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. ಅವು ಬಡವರ ಶಾಲೆಗಳೇ. ಇನ್ನೊಂದು ಕೇಳ್ತೀನಿ, ಅವನು ಬೆಳಿಗ್ಗೆ ತಿಂದು ಬರ್ತಾನಾ?

ಟೀಚರ್: ಅಪ್ಪ ಅಮ್ಮ ಇಬ್ಬರೂ ಬೆಳಗಾಗೋ ಮುಂಚೆ ಕೆಲಸಕ್ಕೆ ಹೋಗ್ತಾರೆ. ಒಂದು ಬಿಸ್ಕತ್ ಪೊಟ್ಟಣ ಕೈಲಿರುತ್ತೆ.

ದೊಡ್ಡಮ್ಮ: ಹಾಗಿದ್ದರೆ ಊಟದ ಮುಂಚಿನ ಸಾಲಲ್ಲಿ ಒದೆಯೋದು ಹೊಟ್ಟೆಯ ಮಾತೂ ಇರಬಹುದು. ಹಸಿದ ಮಗುವಿಗೆ ತಾಳ್ಮೆ ಎಲ್ಲಿಂದ ಬರಬೇಕು? ಶಾಲೆಯಲ್ಲಿ ಊಟ ಹಾಕೋದು ಈ ಊರಿಗೆ ಹೊಸದಲ್ಲ. 1920ರಲ್ಲೇ ತೌಸಂಡ್ ಲೈಟ್ಸ್‌ನ ಕಾರ್ಪೊರೇಷನ್ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಟ್ಟರು. ಈಗ 2022ರ ಸೆಪ್ಟೆಂಬರಲ್ಲಿ ಶುರುವಾದ ಬೆಳಗಿನ ಉಪಾಹಾರ ಯೋಜನೆ, 2023ರ ಆಗಸ್ಟ್‌ನಿಂದ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಇದೆ. ನಿಮ್ಮದು ಖಾಸಗಿ ಶಾಲೆ, ಅದು ನಿಮಗಿಲ್ಲ. ಹತ್ತು ಗಂಟೆಗೆ ಒಂದು ಬಾಳೆಹಣ್ಣು, ಸ್ವಲ್ಪ ಪೊಂಗಲ್ ಸಿಗೋ ಹಾಗೆ ಮಾಡು. ಯಾರ ಮುಂದೂ ಹೇಳದೇ ಮಾಡು.

ಟೀಚರ್: ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ?

ದೊಡ್ಡಮ್ಮ: ಮೊದಲು ಸ್ವಲ್ಪ ಹೆಚ್ಚೇ ಆಗಬಹುದು, ಅದಕ್ಕೆ ಹೆದರಬೇಡ. ಹಳೇ ದಾರಿ ಮುಚ್ಚಿದಾಗ ಮಗು ಇನ್ನೂ ಜೋರಾಗಿ ಅದನ್ನೇ ತಟ್ಟಿ ನೋಡುತ್ತೆ. ನೀನು ಒಂದು ದಿನ ತಡೆದು ಒಂದು ದಿನ ಬಿಟ್ಟರೆ ಕೆಟ್ಟಿತು. ಡೈರಿ ಮುಂದುವರಿಸು. ಒಂದೇ ದಿನಕ್ಕೆ ನಿಲ್ಲಲ್ಲ. ಎರಡು ಹೊಡೆತಗಳ ನಡುವಿನ ಅಂತರ ಬೆಳೀತಾ ಹೋಗುತ್ತೆ, ಅದೇ ಗುರುತು. ಆದರೂ ವಾರಗಳು ಕಳೆದು ಏನೂ ಬದಲಾಗದಿದ್ದರೆ ಡಾಕ್ಟರು ನೋಡಬೇಕು. ಮೊದಲು ಕಿವಿ. ಸರಿಯಾಗಿ ಕೇಳಿಸದ ಮಗು ಹಟಮಾರಿ ಅಂತ ಹೆಸರು ಪಡೆದದ್ದು ಎಷ್ಟೋ ಸಲ ಇದೆ. ಮಾತಿನ ಬೆಳವಣಿಗೆ, ಆಟಿಸಂ, ಗಮನದ ತೊಂದರೆ, ನಿದ್ದೆ ಇವನ್ನೆಲ್ಲ ಅವರು ನೋಡ್ತಾರೆ. ಎಗ್ಮೋರಿನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆ ಇದೆ, ಮುಟ್ಟುಕಾಡಿನಲ್ಲಿ ಬಹುವಿಧ ವೈಕಲ್ಯದವರಿಗಾಗಿ ರಾಷ್ಟ್ರೀಯ ಸಂಸ್ಥೆ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಮನೇಲಿ ಮಗುವಿಗೆ ವಿಪರೀತ ಹೊಡೆತ ಬೀಳ್ತಿದೆ ಅಂತ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ರೋಗದ ಹೆಸರು ಮಾತ್ರ ನೀನು ಹೇಳಬೇಡ. "ನಾನು ಕಂಡದ್ದು ಇಷ್ಟು" ಅಂತ ಡೈರಿ ತೋರಿಸು, ಮುಂದಿನದು ಬಲ್ಲವರದ್ದು.

ಟೀಚರ್: ಉಳಿದ ಮಕ್ಕಳಿಗೆ ಏನು ಹೇಳಲಿ? "ತಿರುಪ್ಪಿ ಅಡಿ" ಅಂತ ಮನೇಲಿ ಹೇಳಿ ಕಳಿಸಿದ್ದಾರೆ. ವಾಪಸ್ ಹೊಡಿ ಅಂತ.

ದೊಡ್ಡಮ್ಮ: ಅವರಿಗೂ ಕೆಲಸ ಇದೆ. ಅಂಗೈ ಮುಂದೆ ಮಾಡಿ "ನಿರುತ್ತು", ನಿಲ್ಲಿಸು ಅಂತ ಜೋರಾಗಿ ಹೇಳೋದು, ಹಿಂದೆ ಸರಿಯೋದು, ನಿನ್ನ ಹತ್ತಿರ ಬರೋದು. ಬಂದಾಗ ನೀನು ಚಾಡಿ ಹೇಳಬೇಡ ಅಂತ ಗದರಬಾರದು, ಪ್ರತಿ ಸಲ ಎದ್ದು ಬರಬೇಕು. ಇಡೀ ತರಗತಿಯನ್ನ ಸೇರಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಬಾಲ್ಟಿಮೋರ್ ಊರಿನ ಒಂದನೇ ತರಗತಿಗಳಲ್ಲಿ 1985ರಿಂದ ಒಂದು ಆಟ ಆಡಿಸಿದರು. ಮಕ್ಕಳನ್ನ ತಂಡ ಮಾಡಿ, ನಿಯಮ ಮುರಿಯದೇ ಆ ಹೊತ್ತು ಕಳೆದ ತಂಡಗಳೆಲ್ಲ ಗೆದ್ದ ಹಾಗೆ. ಒಂದು ತಂಡ ಗೆದ್ದರೆ ಇನ್ನೊಂದು ಸೋಲಬೇಕು ಅಂತ ಇಲ್ಲ. ಆ ಮಕ್ಕಳು ಇಪ್ಪತ್ತರ ಆಸುಪಾಸಿಗೆ ಬಂದಾಗ ಮತ್ತೆ ಹುಡುಕಿ ನೋಡಿದರು. ಒಂದನೇ ತರಗತಿಯಲ್ಲಿ ಅತಿ ಹೆಚ್ಚು ಹೊಡೆದಾಡ್ತಿದ್ದ ಹುಡುಗರಿಗೇ ಅದರಿಂದ ಹೆಚ್ಚು ಒಳ್ಳೇದಾಗಿತ್ತು. ಮಾದಕ ವಸ್ತು, ಹಿಂಸೆಯ ದಾರಿ ಹಿಡಿದವರು ಅವರಲ್ಲಿ ಕಡಿಮೆ. ಆರು ವರ್ಷದ ಮಗುವಿನ ಟೀಚರ್ ಕೈಲಿ ಎಷ್ಟಿದೆ ನೋಡು.

ಟೀಚರ್: ನನ್ನ ಕೈಲಿ ಅಷ್ಟಿದೆ ಅಂದರೆ ಭಯವೂ ಆಗುತ್ತೆ ದೊಡ್ಡಮ್ಮ. ಒಂದೊಂದು ದಿನ ಅವನು ನನಗೇ ಒದೀತಾನೆ. ಸಂಜೆ ಹೊತ್ತಿಗೆ ನನ್ನಲ್ಲಿ ಏನೂ ಉಳಿದಿರಲ್ಲ.

ದೊಡ್ಡಮ್ಮ: ಅದಕ್ಕೇ ಇದು ಒಬ್ಬಳ ಕೆಲಸ ಆಗಬಾರದು. ಕಾಯ್ದೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುತ್ತೆ, ಅಂದರೆ ಮೂವತ್ತಕ್ಕೆ ಒಬ್ಬಳು ನೀನು. ಮೂವತ್ತರಲ್ಲಿ ಇಂಥ ಒಂದು ಮಗು ಇದ್ದಾಗ ಆ ಲೆಕ್ಕ ಸಾಲದು. ಹೆಡ್‌ಮಿಸ್ ಹತ್ತಿರ ಹೋಗಿ ಡೈರಿ ಇಟ್ಟು ಕೇಳು: ಬರವಣಿಗೆ ಹೊತ್ತು, ಊಟದ ಮುಂಚಿನ ಹೊತ್ತು, ಈ ಎರಡು ಗಂಟೆ ಇನ್ನೊಬ್ಬರು ದೊಡ್ಡವರು ತರಗತಿಯಲ್ಲಿ ಬೇಕು. ನಿನ್ನ ಸಿಟ್ಟು ಏರಿದಾಗ ಮಗುವನ್ನ ಅವರ ಕೈಗೆ ಕೊಟ್ಟು ಒಂದು ಲೋಟ ನೀರು ಕುಡಿದು ಬರೋಕೆ ಅವಕಾಶ ಬೇಕು. ಹೊಡೀಬೇಡಿ ಅಂತ ಸುತ್ತೋಲೆ ಕಳಿಸಿ, ಹೊಡೆಯದೇ ಇರೋಕೆ ಬೇಕಾದ ಆಸರೆ ಕೊಡದ ಶಾಲೆ ತನ್ನ ಟೀಚರನ್ನೂ ನೋಯಿಸುತ್ತೆ.

ಟೀಚರ್: ಪೋಷಕರ ಸಭೆ ಕರೀಬೇಕು ಅಂತ ಇದೀನಿ. ಅವನ ಹೆಸರು ಎತ್ತಲ್ಲ. ನಲ್ಲಿ ಸಾಲು ಹೇಗೆ ಬದಲಾಯ್ತು, ಬ್ಲಾಕಿನ ಮೂಲೇಲಿ ಯಾರು ನಿಂತಿರ್ತಾರೆ, ನಿಮ್ಮ ಮಗುವಿಗೆ ನೋವಾದರೆ ಅದೇ ದಿನ ಫೋನು ಯಾರು ಮಾಡ್ತಾರೆ, ಇಷ್ಟನ್ನ ಹೇಳ್ತೀನಿ. ಆ ಹುಡುಗಿಯ ಅಮ್ಮನಿಗೆ ಸಭೆಗೆ ಮುಂಚೆ ಬೇರೆಯಾಗಿ ಹೇಳ್ತೀನಿ: ಅವಳ ಜಾಗ ನನ್ನ ಪಕ್ಕ, ಅವಳಾಗಿ ಬೇಡ ಅನ್ನೋವರೆಗೆ. ಹುಡುಗನ ಅಪ್ಪ ಅಮ್ಮನನ್ನ ಕೆಲಸ ಮುಗಿಸಿ ಬಂದ ಮೇಲೆ ಕಾಣ್ತೀನಿ, ದೂರಿಗಿಂತ ಮುಂಚೆ ಅವನು ಮಾಡಿದ ಒಂದು ಒಳ್ಳೇ ಕೆಲಸ ಹೇಳ್ತೀನಿ. ಆದರೆ ಯಾರಾದರೂ ಎದ್ದು ನಿಂತು "ನಮ್ಮ ಮಕ್ಕಳಿಗಿಂತ ಅವನೇ ಹೆಚ್ಚಾ" ಅಂತ ಕೇಳಿದರೆ?

ದೊಡ್ಡಮ್ಮ: ಕೇಳೇ ಕೇಳ್ತಾರೆ, ಕೇಳೋ ಹಕ್ಕೂ ಅವರಿಗಿದೆ. ಹೀಗೆ ಹೇಳು: ಅವನು ಹೆಚ್ಚಲ್ಲ, ಕಡಿಮೆಯೂ ಅಲ್ಲ. ನಿಮ್ಮ ಮಗುವಿಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳೋದು ನನ್ನ ಕರ್ತವ್ಯ, ಅದಕ್ಕೆ ಇಷ್ಟು ಏರ್ಪಾಡು ಮಾಡಿದೀನಿ. ಅವನನ್ನ ಕಳಿಸಿದರೆ ಹೊಡೆತ ಇನ್ನೊಂದು ಶಾಲೆಗೆ, ಇಲ್ಲವೇ ಬೀದಿಗೆ ಹೋಗುತ್ತೆ, ನಿಲ್ಲಲ್ಲ. ಇನ್ನೂ ಒಂದು ಮಾತು ಹೇಳು. ಒಂದು ಮಗು ತಪ್ಪಿದಾಗ ದೊಡ್ಡವರು ಏನು ಮಾಡ್ತಾರೆ ಅಂತ ಉಳಿದ ಇಪ್ಪತ್ತೊಂಬತ್ತು ಮಕ್ಕಳೂ ನೋಡ್ತಿರ್ತಾರೆ. ಇವತ್ತು ಅವನನ್ನ ತಡೆದು, ಕಲಿಸಿ, ಉಳಿಸಿಕೊಂಡರೆ, ನಾಳೆ ತಾವು ತಪ್ಪಿದರೂ ತಮ್ಮನ್ನ ತಡೀತಾರೆ, ಕೈಬಿಡಲ್ಲ ಅನ್ನೋ ಭರವಸೆ ಆ ಮಕ್ಕಳಿಗೂ ಬರುತ್ತೆ. ಶಾಲೆ ಕೊಡಬೇಕಾದ ಸುರಕ್ಷತೆಯಲ್ಲಿ ಇದೂ ಸೇರಿದೆ.